ಪಾಠ ತಿಳಿದಿತ್ತು, ಮಾತು ತಿಳಿದಿರಲಿಲ್ಲ

ಕಳೆದ ತಿಂಗಳ ಒಂದು ಭಾನುವಾರ, 1984ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನ ವಿದ್ಯಾರ್ಥಿಗಳು ಹಳೆಯ ಶಾಲೆಯ ಅಂಗಳದಲ್ಲಿ ಗುರುವಂದನೆಯ ಕಾರ್ಯಕ್ರಮವೊಂದನ್ನು ಏರ್ಪಡಿಸಿದ್ದರು. ಆ ಕಾಲದಲ್ಲಿ ಅವರಿಗೆ ಪಾಠ ಹೇಳಿದವರ ಪೈಕಿ ಈಗ ಉಳಿದಿರುವವರು ನಾವು ಮೂವರು. ನಮ್ಮನ್ನು ಕಾರಿನಲ್ಲಿ ಕರೆದೊಯ್ದು, ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿಯನ್ನು ಕೈಗಿತ್ತು, ಒಬ್ಬೊಬ್ಬರಾಗಿ ಬಂದು ಕಾಲಿಗೆರಗಿದರು. ಅರವತ್ತರ ಸಮೀಪಕ್ಕೆ ಬಂದಿರುವ ಆ ನರೆತಲೆಯ ‘ಮಕ್ಕಳು’ ಬಗ್ಗಿ ಏಳುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದುದನ್ನು ಕಂಡು ನನಗೆ ನಗುವೂ ಬಂತು, ಸಂಕೋಚವೂ ಆಯಿತು. ಭಾಷಣಗಳಲ್ಲಿ ನಮ್ಮನ್ನು ಹೊಗಳಿದ್ದೇ ಹೊಗಳಿದ್ದು. ಅಂಥ ಸಭೆಗಳ ಮಾತನ್ನು ಅಕ್ಷರಶಃ ನಂಬಬಾರದೆಂಬಷ್ಟು ವಿವೇಕ ಈ ವಯಸ್ಸಿಗೆ ಬಂದಿದೆಯಾದ್ದರಿಂದ ಅದನ್ನಿಲ್ಲಿ ವಿವರಿಸುವುದಿಲ್ಲ. ನಾನು ಬರೆಯಹೊರಟಿರುವುದು ಊಟವಾದ ಮೇಲೆ ನಡೆದ ಮಾತುಕತೆಯನ್ನು ಕುರಿತು.

ಶಾಲೆಯ ನೆನಪುಗಳೆಲ್ಲ ಬೆಳಗಿನ ಸಭೆಯಲ್ಲಿಯೇ ಖರ್ಚಾಗಿ ಹೋಗಿದ್ದವು. ಹೊಂಗೆಯ ಮರದ ಕೆಳಗೆ ಕುರ್ಚಿಗಳನ್ನು ಎಳೆದುಕೊಂಡು ಕುಳಿತ ಹತ್ತು ಹನ್ನೆರಡು ಜನರ ಮಾತು ತಾನಾಗಿಯೇ ಕಾಲೇಜಿನ ಕಡೆಗೆ ಹೊರಳಿತು. ನಾನು ಕಿವಿಗೊಟ್ಟು ಕುಳಿತೆ. ಮೂವತ್ತಾರು ವರ್ಷ ಅಧ್ಯಾಪಕನಾಗಿದ್ದವನು ನಾನು. ಪ್ರತಿವರ್ಷವೂ ಒಂದು ತಂಡವನ್ನು ಶಾಲೆಯ ಗೇಟಿನವರೆಗೆ ಕಳುಹಿಸಿ, ಜೂನ್ ತಿಂಗಳಲ್ಲಿ ಮತ್ತೊಂದು ತಂಡದ ಹಾಜರಿ ಕರೆಯುತ್ತಿದ್ದವನು. ಗೇಟಿನ ಆಚೆಗೆ ಅವರ ತರಗತಿಗಳು ಹೇಗಿದ್ದವೆಂಬುದನ್ನು ಅವರ ಬಾಯಿಂದ ಸಾವಧಾನವಾಗಿ ಕೇಳಿದ್ದು ಇದೇ ಮೊದಲು.

ಎಂಜಿನಿಯರ್ ಆಗಿರುವ ಒಬ್ಬ ಮಾತು ತೆಗೆದ. “ಹಾಸನಕ್ಕೆ ಹೋದ ಮೊದಲ ದಿನವೇ ನನ್ನ ಹೆಸರು ಕಳೆದುಹೋಯಿತು ಸಾರ್. ಅಲ್ಲಿ ನಾನು ನೂರ ಹದಿನೇಳು. ಆ ಸಂಖ್ಯೆ ಕೂಗಿದಾಗ ನನ್ನನ್ನೇ ಕರೆಯುತ್ತಿದ್ದಾರೆಂದು ತಿಳಿಯದೆ ಸುಮ್ಮನಿದ್ದೆ. ಪಕ್ಕದವನು ತಿವಿದ.” ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಎರಡು ದಿನ ಬಾರದಿದ್ದರೆ ಅವನ ಮನೆಯ ಎಮ್ಮೆ ಈದಿದೆಯೋ ಅಜ್ಜಿ ತೀರಿಕೊಂಡರೋ ಎಂಬುದೆಲ್ಲ ನಮಗೆ ತಿಳಿದಿರುತ್ತಿತ್ತು. ಅಲ್ಲಿ ನೂರಿಪ್ಪತ್ತು ಮಂದಿಯ ನಡುವೆ ಒಬ್ಬ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಒಂದು ಗೀಟು ಬೀಳುತ್ತಿತ್ತು, ಅಷ್ಟೆ. ಉಪನ್ಯಾಸಕರ ಮೇಲೆ ಅವನಿಗೆ ದೂರಿರಲಿಲ್ಲ. ಒಂದು ಗಂಟೆಯಲ್ಲಿ ಒಂದು ಅಧ್ಯಾಯದ ಟಿಪ್ಪಣಿಯನ್ನು ಬರೆಸಬೇಕಾದವರು ನೂರಿಪ್ಪತ್ತು ಮುಖಗಳನ್ನು ನೋಡುವುದು ಹೇಗೆ?

ಬ್ಯಾಂಕಿನ ಅಧಿಕಾರಿಯಾಗಿರುವ ಹೆಣ್ಣುಮಗಳ ಅನುಭವ ಬೇರೆ. ಆಕೆ ವಾಣಿಜ್ಯ ವಿಭಾಗಕ್ಕೆ ಸೇರಿದ್ದಳು. “ನಮಗೆ ಅಷ್ಟು ಕಷ್ಟವಾಗಲಿಲ್ಲ ಸಾರ್. ಡೆಬಿಟ್ಟು, ಕ್ರೆಡಿಟ್ಟು ಎಂಬುದು ಕಾನ್ವೆಂಟಿನಿಂದ ಬಂದವರಿಗೂ ಹೊಸದು, ನಮಗೂ ಹೊಸದು. ಎಲ್ಲರೂ ಒಂದೇ ಗೆರೆಯಲ್ಲಿ ನಿಂತು ಓಟ ಶುರುಮಾಡಿದೆವು. ಅಪ್ಪನ ಅಂಗಡಿಯ ಜಮಾಖರ್ಚಿನ ಪುಸ್ತಕ ನೋಡಿದ್ದರಿಂದ ನಾನು ಒಂದು ಹೆಜ್ಜೆ ಮುಂದೆಯೇ ಇದ್ದೆ” ಎಂದಳು. ಇದು ನನಗೆ ಹೊಳೆದೇ ಇರಲಿಲ್ಲ. ಹೊಸ ವಿಷಯವನ್ನು ಹೊಸ ಭಾಷೆಯಲ್ಲಿ ಕಲಿಯುವುದಕ್ಕಿಂತ, ತಿಳಿದಿರುವ ವಿಷಯವನ್ನೇ ತಿಳಿಯದ ಭಾಷೆಯಲ್ಲಿ ಮತ್ತೆ ಎದುರಿಸುವುದು ಹೆಚ್ಚು ದಿಕ್ಕೆಡಿಸುವಂಥದು.

ಬಳಿಕ ರಸಾಯನಶಾಸ್ತ್ರದ ಪ್ರಯೋಗಶಾಲೆಯ ವಿಷಯ ಬಂತು. ಕಿಪ್ ಉಪಕರಣದಿಂದ ಹೊರಟು ಇಡೀ ಕಟ್ಟಡವನ್ನು ತುಂಬುತ್ತಿದ್ದ ಕೊಳೆತ ಮೊಟ್ಟೆಯ ವಾಸನೆ, ನೈಟ್ರೇಟಿನ ಪರೀಕ್ಷೆಯಲ್ಲಿ ಪ್ರನಾಳದ ನಡುವೆ ಮೂಡುತ್ತಿದ್ದ ಕಂದು ಬಳೆ, ಕೊಟ್ಟ ಲವಣ ಯಾವುದೆಂದು ಮೊದಲೇ ಪತ್ತೆಮಾಡಿಕೊಳ್ಳಲು ಹೂಡುತ್ತಿದ್ದ ಉಪಾಯಗಳು, ಒಬ್ಬರದನ್ನೊಬ್ಬರು ನಕಲು ಮಾಡಿ ರುಜು ಹಾಕಿಸಿಕೊಂಡ ರೆಕಾರ್ಡ್ ಪುಸ್ತಕಗಳು, ಇವುಗಳನ್ನೆಲ್ಲ ನೆನೆದು ನಕ್ಕರು. “ನಿಜ ಹೇಳಬೇಕೆಂದರೆ ನಮ್ಮ ಮೊದಲ ಪ್ರೊಫೆಸರು ಲ್ಯಾಬಿನ ಅಟೆಂಡರ್” ಎಂದ ಎಂಜಿನಿಯರ್. “ಕೈಪಿಡಿಯ ಇಂಗ್ಲಿಷನ್ನು ನೋಡುತ್ತ ನಿಂತಿದ್ದರೆ ಅವರು ಪಕ್ಕಕ್ಕೆ ಬಂದು, ‘ಆಮ್ಲವನ್ನು ಬದಿಯಿಂದ ನಿಧಾನವಾಗಿ ಇಳಿಸಪ್ಪಾ, ಅಲ್ಲಾಡಿಸಬೇಡ, ಬಳೆ ಒಡೆದುಹೋಗುತ್ತದೆ’ ಎಂದು ಕನ್ನಡದಲ್ಲಿ ಹೇಳುತ್ತಿದ್ದರು. ಅದೊಂದೇ ನಮಗೆ ಅರ್ಥವಾಗುತ್ತಿದ್ದ ಪಾಠ.”

ಕನ್ನಡದಲ್ಲಿ ಕಾಲೇಜನ್ನು ಕುರಿತ ಸೊಗಸಾದ ಬರಹಗಳಿಗೆ ಕೊರತೆಯಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದ ಬಿ.ಜಿ.ಎಲ್. ಸ್ವಾಮಿಯವರ ‘ಕಾಲೇಜು ರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ ಮುಂತಾದವನ್ನು ನಾನು ನಕ್ಕು ನಕ್ಕು ಓದಿದವನು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅವರ ‘ಹಸುರು ಹೊನ್ನು’ ಪುಸ್ತಕವನ್ನು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಹಟ ಹಿಡಿದು ತರಿಸಿದ್ದೆ. ಆದರೆ ಅವು ಪೀಠದಿಂದ ಕಂಡ ತರಗತಿಗಳು. ಕೊನೆಯ ಬೆಂಚಿನಿಂದ, ಅದರಲ್ಲಿಯೂ ನಡುವೆಯೇ ಎದ್ದುಹೋದವನ ಬೆಂಚಿನಿಂದ, ತರಗತಿ ಹೇಗೆ ಕಾಣುತ್ತದೆಂಬುದನ್ನು ಬರೆದಿಟ್ಟವರು ಕಡಿಮೆ. ಆ ದಿನ ನಮ್ಮ ನಡುವೆ ಅಂಥವನೊಬ್ಬ ಕುಳಿತಿದ್ದ.

ಅವನು ಈಗ ನಮ್ಮ ಊರಿನ ಸಂತೆಮಾಳದ ಬಳಿ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡಿದ್ದಾನೆ. ಆ ದಿನದ ಊಟದ ಖರ್ಚಿನಲ್ಲಿ ಹೆಚ್ಚಿನ ಪಾಲು ಅವನದೇ ಎಂದು ಆಮೇಲೆ ತಿಳಿಯಿತು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದವನು. ವಿಜ್ಞಾನದಲ್ಲಿ ತರಗತಿಗೆ ಮೊದಲಿಗ. ಪಿಯುಸಿಯ ಮೊದಲ ವರ್ಷದಲ್ಲಿಯೇ, ಸಂಕ್ರಾಂತಿಯ ಹೊತ್ತಿಗೆ, ಕಾಲೇಜು ಬಿಟ್ಟ. ಮನೆಯ ತಾಪತ್ರಯದಿಂದ ಬಿಟ್ಟನೆಂದು ನಾನು ಇಷ್ಟು ವರ್ಷ ನಂಬಿದ್ದೆ. ಎಲ್ಲರೂ ನಗುತ್ತಿದ್ದಾಗ ಅವನೂ ನಗುತ್ತಿದ್ದ. ನಾನೇ ಕೇಳಿದೆ: “ನಿನ್ನ ಕಾಲೇಜು ಹೇಗಿತ್ತಪ್ಪಾ?”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಮೇಷ್ಟ್ರೇ, ಪಾಠ ನನಗೆ ತಿಳಿದಿತ್ತು. ಮಾತು ತಿಳಿದಿರಲಿಲ್ಲ.”

ಅವನು ಹೇಳಿದ್ದನ್ನು ಸಾಧ್ಯವಾದಷ್ಟೂ ಅವನ ಕ್ರಮದಲ್ಲಿಯೇ ಬರೆಯುತ್ತೇನೆ. ಕಾಲೇಜು ಆರಂಭವಾದ ಎರಡನೆಯ ವಾರ ಭೌತಶಾಸ್ತ್ರದ ತರಗತಿಯಲ್ಲಿ ಉಪನ್ಯಾಸಕರು ಅವನನ್ನು ಎಬ್ಬಿಸಿ, ಆಕ್ಸಿಲರೇಷನ್ ಎಂದರೇನೆಂದು ಇಂಗ್ಲಿಷಿನಲ್ಲಿ ಕೇಳಿದರು. ಅವನು ಆ ಶಬ್ದವನ್ನೇ ಕೇಳಿದವನಲ್ಲ. ಸುಮ್ಮನೆ ನಿಂತ. “ಹೈಸ್ಕೂಲಿನಲ್ಲಿ ಇಷ್ಟೂ ಕಲಿತಿಲ್ಲವೇ?” ಎಂದರು. ತರಗತಿ ನಕ್ಕಿತು. ಆ ಗಂಟೆ ಪೂರ್ತಿ ಅವನು ನಿಂತೇ ಇದ್ದ. ಆಕ್ಸಿಲರೇಷನ್ ಎಂದರೆ ನಾನು ಕಲಿಸಿದ್ದ ವೇಗೋತ್ಕರ್ಷವೇ ಎಂದು ಅವನಿಗೆ ತಿಳಿದದ್ದು ದೀಪಾವಳಿಯ ಸಮಯಕ್ಕೆ. ಜವವೇ ಸ್ಪೀಡ್, ವೇಗವೇ ವೆಲಾಸಿಟಿ, ಸಂವೇಗವೇ ಮೊಮೆಂಟಮ್ ಎಂದು ಒಂದೊಂದನ್ನೇ ತಾನಾಗಿ ಊಹಿಸಿಕೊಳ್ಳುವಷ್ಟರಲ್ಲಿ ಪಾಠಗಳು ಬಹಳ ಮುಂದೆ ಹೋಗಿದ್ದವು. “ಆಗ ನನಗೆ ಅನ್ನಿಸಿದ್ದು ಒಂದೇ, ಮೇಷ್ಟ್ರೇ: ನಾನು ದಡ್ಡ, ಹಳ್ಳಿಯ ಶಾಲೆಯಲ್ಲಿ ಮೊದಲು ಬರುತ್ತಿದ್ದದ್ದು ಅಲ್ಲಿ ಬೇರೆ ಬುದ್ಧಿವಂತರು ಇರಲಿಲ್ಲವಾದ್ದರಿಂದ.”

ಇಷ್ಟೇ ಆಗಿದ್ದರೆ ನಾನು ನಿಟ್ಟುಸಿರಿಟ್ಟು ಸುಮ್ಮನಾಗುತ್ತಿದ್ದೆ. ಅವನು ಮುಂದುವರಿಸಿದ. ಆ ದೀಪಾವಳಿಯ ರಜೆಯಲ್ಲಿ ಅವನು ನಮ್ಮ ಮನೆಗೆ ಬಂದಿದ್ದನಂತೆ. ಬಚ್ಚಲ ಒಲೆಗೆ ಸೌದೆ ಒಟ್ಟುತ್ತಿದ್ದ ನಾನು ಅವನನ್ನು ಜಗುಲಿಯಲ್ಲಿ ಕೂರಿಸಿ ಕಾಫಿ ಕೊಡಿಸಿದೆನಂತೆ. “ಪಾಠ ಅರ್ಥವಾಗುವುದಿಲ್ಲ ಸಾರ್” ಎಂದು ಅವನು ಹೇಳಿದ್ದಕ್ಕೆ, “ಮೊದಮೊದಲು ಎಲ್ಲರಿಗೂ ಹಾಗೆಯೇ. ಒಂದು ಡಿಕ್ಷನರಿ ಇಟ್ಟುಕೋ, ಹೆದರಬೇಡ, ನಾವೆಲ್ಲ ದಾಟಿ ಬರಲಿಲ್ಲವೇ?” ಎಂದು ಬೆನ್ನು ತಟ್ಟಿ ಕಳುಹಿಸಿದೆನಂತೆ. ನನಗೆ ಇದಾವುದೂ ನೆನಪಿಲ್ಲ. ಅವನಿಗೆ ಲೋಟದ ಬಣ್ಣ ಕೂಡ ನೆನಪಿದೆ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವನ ಮಾತಿನಲ್ಲಿ ಆಕ್ಷೇಪಣೆ ಇರಲಿಲ್ಲವೆಂಬುದೇ ನನ್ನನ್ನು ಹೆಚ್ಚು ಕಾಡಿತು. ಏಕೆಂದರೆ, “ನಾವೆಲ್ಲ ದಾಟಿ ಬರಲಿಲ್ಲವೇ” ಎಂದೆನಲ್ಲ, ನಾನು ದಾಟಿದ್ದು ಹೇಗೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

1963ರಲ್ಲಿ ಹೊಳೆನರಸೀಪುರದ ನಿಲ್ದಾಣದಲ್ಲಿ ಮೀಟರ್‌ಗೇಜ್ ರೈಲು ಹತ್ತಿ ಮೈಸೂರಿಗೆ ಹೋದವನು ನಾನು. ಒಂದು ತಗಡಿನ ಪೆಟ್ಟಿಗೆ, ಒಂದು ಚಾಪೆ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ. ಆಗ ಪಿಯುಸಿ ಒಂದೇ ವರ್ಷದ್ದು. ಎಡವಿದರೆ ಸಾವರಿಸಿಕೊಳ್ಳಲು ಸಮಯವೇ ಇರುತ್ತಿರಲಿಲ್ಲ. ಹೆಣ್ಣುಮಕ್ಕಳು ತಮ್ಮ ಕೊಠಡಿಯಲ್ಲಿ ಕಾದಿದ್ದು, ಅಧ್ಯಾಪಕರ ಹಿಂದೆಯೇ ಸಾಲಾಗಿ ತರಗತಿಯೊಳಗೆ ಬಂದು, ಅವರು ಹೊರಟಾಗ ಅವರ ಹಿಂದೆಯೇ ಹೊರಟುಹೋಗುತ್ತಿದ್ದ ಕಾಲ ಅದು. ಮೊದಲ ತಿಂಗಳು ನಾನು ತರಗತಿಯಲ್ಲಿ ಕೇಳಿಸಿಕೊಂಡದ್ದು ಶಬ್ದವನ್ನೇ ಹೊರತು ಮಾತನ್ನಲ್ಲ. ‘ರೂಟ್’ ಎಂದಾಗ ಗಿಡದ ಬೇರೆಂದೂ, ‘ಸೊಲ್ಯೂಷನ್’ ಎಂದಾಗ ಲೆಕ್ಕದ ಉತ್ತರವೆಂದೂ ತಿಳಿದು ಕಂಗಾಲಾಗಿದ್ದೆ.

ನನ್ನನ್ನು ದಾಟಿಸಿದವರು ಹಾಸ್ಟೆಲಿನಲ್ಲಿ ನನ್ನ ಕೊಠಡಿಯಲ್ಲಿಯೇ ಇದ್ದ, ಅಂತಿಮ ಬಿ.ಎಸ್ಸಿ.ಯ ಒಬ್ಬ ಹಿರಿಯ ವಿದ್ಯಾರ್ಥಿ. ನಾನು ರಾತ್ರಿ ಗುಟ್ಟಾಗಿ ಅಳುತ್ತಿದ್ದುದನ್ನು ಕಂಡಿರಬೇಕು. ಒಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕರೆದೊಯ್ದು ಕೂರಿಸಿ, ನನ್ನ ಪಠ್ಯಪುಸ್ತಕವನ್ನು ತಿರುವುತ್ತ, ನೋಟುಪುಸ್ತಕದ ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಕನ್ನಡ ಪದ, ಹೀಗೆ ಬರೆಯುತ್ತ ಹೋದರು. ಹತ್ತು ಸಂಜೆಗಳಲ್ಲಿ ಇನ್ನೂರು ಪದಗಳಾಗಿರಬಹುದು. ಅಷ್ಟೆ. ನನಗೂ ಆ ತರಗತಿಗೂ ನಡುವೆ ಇದ್ದದ್ದು ಸಮುದ್ರವಲ್ಲ, ಇನ್ನೂರು ಪದಗಳ ಒಂದು ಕಾಲುವೆ. ಅದನ್ನು ದಾಟಿದ ಮೇಲೆ, ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಕಲಿತಿದ್ದುದೆಲ್ಲ ಒಮ್ಮೆಲೇ ಕೈಗೆ ಬಂತು.

ಇಂಥ ನಾನು ಅಧ್ಯಾಪಕನಾದ ಮೇಲೆ ಮಾಡಿದ್ದೇನು? ನನ್ನ ತರಗತಿಯಲ್ಲಿ ಯಾರಾದರೂ ‘ಆಕ್ಸಿಜನ್’ ಎಂದರೆ, “ಆಮ್ಲಜನಕ ಎನ್ನು” ಎಂದು ತಿದ್ದುತ್ತಿದ್ದೆ. ಇಂಗ್ಲಿಷ್ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಕನ್ನಡಕ್ಕೆ ಅಪಚಾರವೆಂದು ಭಾವಿಸಿದ್ದೆ. ಅದಕ್ಕೊಂದು ಹಿನ್ನೆಲೆಯಿತ್ತು. ನಾನು ಮೈಸೂರಿಗೆ ಹೋಗುವುದಕ್ಕೆ ಮೂರು ವರ್ಷ ಮೊದಲು, 1960ರಲ್ಲಿ, ಕುವೆಂಪು ಅವರು ಕುಲಪತಿ ಸ್ಥಾನದಿಂದ ನಿವೃತ್ತರಾಗಿದ್ದರು. ಕನ್ನಡದಲ್ಲಿ ವಿಜ್ಞಾನ ಕಲಿಸಲು ಸಾಧ್ಯವೆಂಬ ಅವರ ಮಾತು ನಮ್ಮ ತಲೆಮಾರಿಗೆ ದೀಕ್ಷೆಯಂತಿತ್ತು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆ ಪ್ರಕಟಿಸಿದ್ದ ತರುಣ, ಜೇಮ್ಸ್ ಕಸಿನ್ಸ್ ಎಂಬ ಐರಿಷ್ ಕವಿಯ ಹಿತವಚನದಿಂದ ಕನ್ನಡಕ್ಕೆ ತಿರುಗಿದ ಕಥೆಯನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಆ ಕಥೆಯ ಇನ್ನೊಂದು ಮುಖವನ್ನು ಮಾತ್ರ ನಾನು ಹೇಳಲಿಲ್ಲ: ಕನ್ನಡಕ್ಕೆ ತಿರುಗಿದ ಆ ತರುಣನಿಗೆ ಇಂಗ್ಲಿಷೂ ಕೈವಶವಾಗಿತ್ತು. ನನ್ನ ಹುಡುಗರಿಗೆ ತಿರುಗಲು ಇನ್ನೊಂದು ದಾರಿಯೇ ಇರಲಿಲ್ಲ.

ಕನ್ನಡದಲ್ಲಿ ಕಲಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ; ದಯವಿಟ್ಟು ಹಾಗೆ ಓದಬೇಡಿ. ಜಡತ್ವವೆಂದರೇನೆಂಬುದನ್ನು ಗಾಡಿ ಒಮ್ಮೆಲೇ ಹೊರಟಾಗ ಹಿಂದಕ್ಕೆ ವಾಲಿದ ಅನುಭವದಿಂದ ಕಲಿತವನಿಗೆ ಅದು ಮರೆಯುವುದಿಲ್ಲ. “ನ್ಯೂಟನ್ನನ ನಿಯಮಗಳನ್ನು ನಾನು ಈಗಲೂ ಯೋಚಿಸುವುದು ನೀವು ಹೇಳಿದ ಎತ್ತಿನ ಗಾಡಿಯಲ್ಲಿಯೇ” ಎಂದು ಎಂಜಿನಿಯರ್ ಆ ದಿನವೂ ಹೇಳಿದ. ತಪ್ಪಾದದ್ದು ಬೇರೆ ಕಡೆ. ಮುಂದಿನ ದಡದಲ್ಲಿ ಬೇರೆ ಭಾಷೆಯಿದೆಯೆಂದು ತಿಳಿದಿದ್ದೂ ನಾನು ಸೇತುವೆಯ ಕೊನೆಯ ಹಲಗೆಯನ್ನು ಹಾಕಲಿಲ್ಲ. ದಾಟಿದ ಮೇಲೆ, ದಾಟಿದ್ದು ನನ್ನ ಸಾಮರ್ಥ್ಯದಿಂದಲೇ ಎಂದು ಭಾವಿಸಿ, ಆ ಹಿರಿಯರು ಬರೆದುಕೊಟ್ಟ ಹಾಳೆಗಳನ್ನು ಮರೆತೆ.

ಇದು ನನಗೆ ಹೊಳೆದದ್ದು 1987ರಲ್ಲಿ. ಆ ವರ್ಷದ ದಸರಾ ರಜೆಯಲ್ಲಿ, ಹಿಂದಿನ ವರ್ಷ ಶಾಲೆ ಬಿಟ್ಟ ಒಬ್ಬ ಹುಡುಗಿ ತನ್ನ ಕಾಲೇಜಿನ ನೋಟುಪುಸ್ತಕವನ್ನು ತಂದು ತೋರಿಸಿದಳು. ತೆರೆದು ನೋಡಿದರೆ ಪುಟದ ತುಂಬ ಕನ್ನಡ ಅಕ್ಷರಗಳು: ‘ರೇಟ್ ಆಫ್ ಚೇಂಜ್ ಆಫ್ ವೆಲಾಸಿಟಿ’. ಉಪನ್ಯಾಸಕರು ಬರೆಸಿದ ವೇಗಕ್ಕೆ ಇಂಗ್ಲಿಷ್ ಕಾಗುಣಿತ ಹೊಳೆಯದೆ, ಕಿವಿಗೆ ಬಿದ್ದ ಶಬ್ದವನ್ನೆಲ್ಲ ಆಕೆ ಕನ್ನಡ ಲಿಪಿಯಲ್ಲಿ ಹಿಡಿದಿಟ್ಟಿದ್ದಳು. ಎಷ್ಟೋ ಕಡೆ ಎರಡು ಪದಗಳು ಕೂಡಿಕೊಂಡು, ಇಂಗ್ಲಿಷೂ ಅಲ್ಲದ ಕನ್ನಡವೂ ಅಲ್ಲದ ಮೂರನೆಯ ಭಾಷೆಯೊಂದು ಹುಟ್ಟಿತ್ತು. ಅಷ್ಟು ಶ್ರದ್ಧೆಯಿಂದ, ಅಷ್ಟು ದುಂಡಾಗಿ, ತನಗೆ ತಿಳಿಯದ್ದನ್ನು ಬರೆದಿಟ್ಟಿದ್ದ ಆ ಪುಟಗಳನ್ನು ನೋಡಿ ನನಗೆ ಮಾತು ಹೊರಡಲಿಲ್ಲ.

ಆಮೇಲಿನ ತಂಡದವರಿಗೆ ನೆನಪಿರಬಹುದು: ಪ್ರತಿ ಪಾಠದ ಕೊನೆಗೆ ನಾನು ಕಪ್ಪುಹಲಗೆಯ ನಡುವೆ ಗೆರೆ ಎಳೆದು ಎರಡು ಸಾಲುಗಳನ್ನು ಬರೆಯುತ್ತಿದ್ದೆ. ಎರಡು ಪದಗಳನ್ನು ಅಕ್ಕಪಕ್ಕ ನಿಲ್ಲಿಸಿದಾಗ ಒಂದರ ಬೆಳಕು ಇನ್ನೊಂದರ ಮೇಲೆ ಬೀಳುತ್ತಿದ್ದುದು ನನಗೂ ಹೊಸ ಪಾಠವಾಯಿತು. ಆಮ್ಲಜನಕವೆಂಬುದು ಆಕ್ಸಿಜನ್ ಎಂಬುದರ ನೇರ ಅನುವಾದ. ಆಮ್ಲಗಳಿಗೆಲ್ಲ ಆ ಅನಿಲವೇ ಮೂಲವೆಂದು 18ನೆಯ ಶತಮಾನದಲ್ಲಿ ಲವಾಸಿಯೆ ತಪ್ಪಾಗಿ ತಿಳಿದು ಇಟ್ಟ ಹೆಸರು. ತಪ್ಪು ಎರಡೂ ಭಾಷೆಗಳಲ್ಲಿ ಉಳಿದುಕೊಂಡಿದೆ. ವರ್ಗಮೂಲದ ಮೂಲವೂ ರೂಟ್ ಎಂಬುದೂ ಬೇರೇ. ತ್ರಿಕೋನಮಿತಿಯ ‘ಸೈನ್’ ಎಂಬುದಂತೂ ನಮ್ಮ ‘ಜ್ಯಾ’ ಶಬ್ದವೇ. ‘ಜೀವಾ’ ಎಂಬ ರೂಪದಲ್ಲಿ ಅರಬರ ಬಳಿಗೆ ಹೋಗಿ, ಅಲ್ಲಿ ಬೇರೊಂದು ಪದವೆಂದು ಓದಲ್ಪಟ್ಟು, ಲ್ಯಾಟಿನ್‌ನಲ್ಲಿ ‘ಸೈನಸ್’ ಎಂದು ಅನುವಾದಗೊಂಡು ಮರಳಿ ಬಂದದ್ದು. ಇದನ್ನು ಹೇಳಿದಾಗ ಮಕ್ಕಳ ಮುಖ ಅರಳುತ್ತಿತ್ತು. ಆ ಪದಗಳ ಭಯ ಅರ್ಧ ಅಲ್ಲಿಯೇ ಹೋಗುತ್ತಿತ್ತು.

ಈ ಎರಡು ಸಾಲುಗಳ ಬಗ್ಗೆ ನನಗೆ ಹೆಮ್ಮೆಯಿತ್ತು. 2005ರಲ್ಲಿ ನಿವೃತ್ತನಾದ ದಿನ ಅದನ್ನು ನೆನೆದು ಮಾತನಾಡಿದವರೂ ಇದ್ದರು. ಆದರೆ ನಾನು ಕೆಲಸಕ್ಕೆ ಸೇರಿದ್ದು 1969ರಲ್ಲಿ. ಆ ಗೆರೆಯನ್ನು ಎಳೆಯುವುದಕ್ಕೆ ಮುಂಚೆ ಹದಿನೆಂಟು ತಂಡಗಳು ಗೇಟು ದಾಟಿ ಹೋಗಿದ್ದವು. ದಾಟಿ ಗೆದ್ದವರು ನನ್ನನ್ನು ಕಂಡಾಗ ನಿಂತು ಮಾತನಾಡಿಸುತ್ತಾರೆ. ಸೋತವರು ರಸ್ತೆಯ ಆಚೆ ಬದಿಗೆ ಸರಿದು ಹೋಗುತ್ತಾರೆ. ಹೀಗಾಗಿ ಅಧ್ಯಾಪಕನಿಗೆ ತಾನು ಗೆಲ್ಲಿಸಿದವರ ಲೆಕ್ಕ ಮಾತ್ರ ಸಿಗುತ್ತದೆ. ಆ ಇನ್ನೊಂದು ಲೆಕ್ಕ ಯಾವ ರಿಜಿಸ್ಟರಿನಲ್ಲಿಯೂ ಇರುವುದಿಲ್ಲ.

ಈಗ ಕಾಲ ಬದಲಾಗಿದೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯು ಕನ್ನಡವೂ ಸೇರಿದಂತೆ ಕೆಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧಿಸಲು ಅನುಮತಿ ನೀಡಿದಾಗ ನಾನು ಪತ್ರಿಕೆಯನ್ನು ಎರಡು ಸಲ ಓದಿದೆ. ಕಾಲೇಜಿನಲ್ಲಿರುವ ನನ್ನ ಮೊಮ್ಮಗಳಿಗೆ ಮೊದಲಿನಿಂದಲೂ ಇಂಗ್ಲಿಷ್ ಮಾಧ್ಯಮ. ಅವಳ ತೊಂದರೆ ತಿರುಗುಮುರುಗಾದದ್ದು: ಮಾತುಗಳೆಲ್ಲ ಬರುತ್ತವೆ. “ಹಾಗೆಂದರೇನು, ಅಜ್ಜಿಗೆ ಅರ್ಥವಾಗುವಂತೆ ಹೇಳು ನೋಡೋಣ” ಎಂದರೆ ಮಾತ್ರ ಒಂದು ಗಳಿಗೆ ನಿಲ್ಲುತ್ತಾಳೆ, ಆಮೇಲೆ ನಗುತ್ತಾಳೆ. ಆ ನಿಲ್ಲುವ ಗಳಿಗೆಯನ್ನು ನೋಡಿದಾಗ ನನಗೆ ಅಂಗಡಿಯ ಹುಡುಗನ ಮಾತು ನೆನಪಾಗುತ್ತದೆ.

ಮರುದಿನ ಬೆಳಿಗ್ಗೆ ನಡೆದುಕೊಂಡು ಅವನ ಅಂಗಡಿಗೆ ಹೋದೆ. ಗೊಬ್ಬರದ ಚೀಲಗಳ ನಡುವೆ ಒಂದು ಸ್ಟೂಲ್ ಹಾಕಿ ಕೂರಿಸಿದ. “ಅಂದು ನೀನು ಬಂದಾಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ, ತಪ್ಪಾಯಿತು” ಎಂದೆ. “ಅಯ್ಯೋ ಬಿಡಿ ಮೇಷ್ಟ್ರೇ, ಎಷ್ಟೋ ಕಾಲವಾಯಿತು” ಎಂದು ಎದ್ದು ನಿಂತ. ಅಷ್ಟರಲ್ಲಿ ಒಬ್ಬ ರೈತರು ಬಂದು, ಚೀಲದ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನು ತೋರಿಸಿ ಏನೆಂದು ಕೇಳಿದರು. ಸಾರಜನಕ, ರಂಜಕ, ಪೊಟ್ಯಾಶ್ ಎಷ್ಟೆಷ್ಟಿವೆ, ಅವರ ಜೋಳಕ್ಕೆ ಯಾವುದು ಯಾವಾಗ ಬೇಕು ಎಂಬುದನ್ನು ಅವನು ನಿಧಾನವಾಗಿ, ಸ್ವಚ್ಛವಾದ ಕನ್ನಡದಲ್ಲಿ ವಿವರಿಸಿದ. ರೈತರು ತಲೆಯಾಡಿಸಿ ಮತ್ತೊಂದು ಪ್ರಶ್ನೆ ಕೇಳಿದರು. ಅದಕ್ಕೂ ಉತ್ತರ ಹೇಳಿದ. ನಾನು ಸ್ಟೂಲಿನ ಮೇಲೆ ವಿದ್ಯಾರ್ಥಿಯಂತೆ ಕುಳಿತು ಕೇಳಿದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ನಿಮ್ಮ ಕಾಲೇಜಿನ ಮೊದಲ ವರ್ಷ ಹೇಗಿತ್ತೆಂದು ನನಗೆ ಬರೆದು ತಿಳಿಸಿ. ವಿಶೇಷವಾಗಿ 1987ಕ್ಕಿಂತ ಮುಂಚಿನವರು; ಅವರಲ್ಲಿಯೂ ನಡುವೆ ಬಿಟ್ಟು ಬಂದವರು. ಹೊಗಳಿಕೆ ಬೇಡ, ನಡೆದದ್ದನ್ನು ಬರೆದರೆ ಸಾಕು. ಬರೆಯಲು ಬೇಸರವಾದರೆ ಮನೆಗೇ ಬನ್ನಿ. ಈ ಸಲ ಬರಿಯ ಕಾಫಿ ಕೊಟ್ಟು ಕಳುಹಿಸುವುದಿಲ್ಲ. ಕುಳಿತು ಪೂರ್ತಿಯಾಗಿ ಕೇಳುತ್ತೇನೆ.